ಮೊದಲ ರೈಫಲ್, ಇಪ್ಪತ್ತೈದು ಸಾವಿರದ ಒಳಗೆ: ಸೆಮಿ ಆಟೊಮ್ಯಾಟಿಕ್ ಸಿಗುತ್ತದಾ? ಇಲ್ಲದಿದ್ದರೆ ಏನು ತೆಗೆದುಕೊಳ್ಳಲಿ?

ಕಾರವಾರದ ಹೊಸಬ:

ಎಲ್ಲರಿಗೂ ನಮಸ್ಕಾರ. ಕಾರವಾರದಲ್ಲಿ ಕೆಲಸ, ಊರು ಶಿರಸಿ ಹತ್ತಿರ. ಕಾಲೇಜಿನಲ್ಲಿ ಎನ್‌ಸಿಸಿಯಲ್ಲಿದ್ದೆ. ಆಗ .22 ಡಿಲಕ್ಸ್ ರೈಫಲ್ ಹಿಡಿದು ಮಲಗಿ ಗುರಿ ಹೊಡೆದ ಆಸೆ ಇನ್ನೂ ತೀರಿಲ್ಲ. ಈಗ ಸ್ವಲ್ಪ ದುಡ್ಡು ಕೂಡಿಟ್ಟಿದ್ದೇನೆ, ಎಲ್ಲ ಸೇರಿ ಇಪ್ಪತ್ತೈದು ಸಾವಿರ. ಸ್ವಂತದ್ದೊಂದು ರೈಫಲ್ ಬೇಕು.

ಯೂಟ್ಯೂಬ್‌ನಲ್ಲಿ ಅಮೆರಿಕದವರ ವಿಡಿಯೋ ತುಂಬಾ ನೋಡಿದ್ದೇನೆ. ಕಡಿಮೆ ಬೆಲೆಯ .22 ಸೆಮಿ ಆಟೊಮ್ಯಾಟಿಕ್ (ಒಂದು ಸಲ ಹೊಡೆದ ಮೇಲೆ ಮುಂದಿನ ತೋಟಾ ತಾನಾಗಿ ಕೂರುವ ರೈಫಲ್) ಕೊಂಡು, ಅದಕ್ಕೆ ಒಳ್ಳೆ ಸ್ಕೋಪ್, ಟ್ರಿಗರ್, ಬೇರೆ ಹಿಡಿಕಟ್ಟು ಎಲ್ಲ ಹಾಕಿ ತಮಗೆ ಬೇಕಾದ ಹಾಗೆ ಮಾಡಿಕೊಳ್ಳುತ್ತಾರೆ. ನಮ್ಮಲ್ಲಿ ಹಾಗೆ ಮಾಡಲು ಬರುತ್ತದಾ? ಲೈಸೆನ್ಸ್‌ಗೆ ಎಲ್ಲಿ ಓಡಾಡಬೇಕು? ಆಗುವುದೇ ಇಲ್ಲ ಅಂದರೆ ಏರ್ ರೈಫಲ್ ಯಾವುದು ಒಳ್ಳೆಯದು, ಸ್ಕೋಪ್ ಯಾವುದು? ವಾರದ ದಿನ ಕಾರವಾರದ ರೂಮಿನಲ್ಲಿ ಇಡಬೇಕು, ಸಮುದ್ರದ ಗಾಳಿಗೆ ತುಕ್ಕು ಹಿಡಿಯುತ್ತದೆ ಅನ್ನುವ ಭಯವೂ ಇದೆ. ಅಪ್ಪನಿಗೆ ಬೇರೆ, ತೋಟದ ಮಂಗ ಓಡಿಸಲು ಆಗುತ್ತದಾ ಅಂತ ಆಸೆ. ತಿಳಿದವರು ದಯವಿಟ್ಟು ಹೇಳಿ.

ಸಿದ್ದಾಪುರದ ತೋಟಿಗ:

ತಮ್ಮಾ, ಮೊದಲು ಕಾನೂನಿನ ವಿಷಯ ಮುಗಿಸೋಣ, ಇಲ್ಲದಿದ್ದರೆ ಸುಮ್ನೆ ತಿಂಗಳುಗಟ್ಟಲೆ ಕನಸು ಕಾಣುತ್ತೀರಿ. ನಮ್ಮ ಮನೆಯಲ್ಲಿ ಅಜ್ಜನ ಕಾಲದಿಂದ ಬೆಳೆ ರಕ್ಷಣೆಯ ಕೋವಿ ಇದೆ, ಹಾಗಾಗಿ ಈ ಕಚೇರಿ ಓಡಾಟ ನನಗೆ ಗೊತ್ತು.

1959ರ ಆಯುಧ ಕಾಯ್ದೆ, ಅದರ ಕೆಳಗೆ 2016ರ ನಿಯಮಗಳು. ಆ ನಿಯಮಗಳ ಪಟ್ಟಿಯಲ್ಲಿ ಸೆಮಿ ಆಟೊಮ್ಯಾಟಿಕ್ ಬಂದೂಕುಗಳು ಬಹುಪಾಲು ಮೊದಲ ವರ್ಗದಲ್ಲೇ ಬರುತ್ತವೆ. ಬಂದೂಕಿನವರು ಪಿ.ಬಿ. ಅನ್ನುತ್ತಾರಲ್ಲ, ಆ ನಿಷೇಧಿತ ಸಾಲು. ಅದು ಕಾರವಾರದ ಡಿಸಿ ಕಚೇರಿಯ ಕೈಯಲ್ಲಿಲ್ಲ, ದಿಲ್ಲಿಯ ಗೃಹ ಸಚಿವಾಲಯದ ಮಟ್ಟದ್ದು. ಗುರಿ ಹೊಡೆಯುವ ಆಸೆ ಇದೆ ಅಂತ ಅರ್ಜಿ ಕೊಟ್ಟರೆ ಆಗುವ ಕೆಲಸ ಅಲ್ಲ. ವಿದೇಶದಿಂದ ತರಿಸುವ ದಾರಿಯೂ ನಮ್ಮಂಥ ಸಾಮಾನ್ಯರಿಗೆ ಇಲ್ಲ.

ಡಿಸಿ ಕಚೇರಿಯಿಂದ ಲೈಸೆನ್ಸ್ ಸಿಗುವುದು ಬೇರೆ ಸಾಲಿನವು: ಒಂಟಿ ನಳಿಗೆ, ಜೋಡಿ ನಳಿಗೆಯ ಹನ್ನೆರಡು ಬೋರ್, ಕೇಪಿನ ಕೋವಿ, ಇಚ್ಛಾಪುರ ಕಾರ್ಖಾನೆಯ .315 ಬೋಲ್ಟ್ ಆ್ಯಕ್ಷನ್ (ಪ್ರತಿ ಗುಂಡಿಗೂ ಕೈಯಲ್ಲೇ ಬೋಲ್ಟ್ ಎಳೆಯಬೇಕಾದದ್ದು), .22 ರೈಫಲ್ ಇಂಥವು. ಅದಕ್ಕೂ ಇಪ್ಪತ್ತೊಂದು ವರ್ಷ ತುಂಬಿರಬೇಕು, ಯಾಕೆ ಬೇಕು ಅಂತ ಗಟ್ಟಿ ಕಾರಣ ತೋರಿಸಬೇಕು, ಪೊಲೀಸ್ ವರದಿ ಬರಬೇಕು, ಸುರಕ್ಷತೆಯ ತರಬೇತಿ ಆಗಿರಬೇಕು. 2019ರ ತಿದ್ದುಪಡಿಯ ನಂತರ ಲೈಸೆನ್ಸ್ ಅವಧಿ ಐದು ವರ್ಷ, ಒಬ್ಬರ ಹತ್ತಿರ ಎರಡಕ್ಕಿಂತ ಜಾಸ್ತಿ ಬಂದೂಕು ಇರುವ ಹಾಗಿಲ್ಲ. ಚುನಾವಣೆ ಬಂತು ಅಂದರೆ ಕೋವಿ ಠಾಣೆಗೆ ಒಪ್ಪಿಸಬೇಕಾಗುತ್ತದೆ, ಮತ್ತೆ ಹೋಗಿ ಬಿಡಿಸಿಕೊಂಡು ಬರಬೇಕು. ತೋಟದಲ್ಲಿ ಹಂದಿ ನುಗ್ಗುವ ಹೊತ್ತಿಗೇ ಮನೆಯಲ್ಲಿ ಕೋವಿ ಇರುವುದಿಲ್ಲ. ಈ ಸಂಕಟ ನಮ್ಮ ಕಡೆಯ ಬೆಳೆಗಾರರನ್ನು ಯಾರನ್ನು ಕೇಳಿದರೂ ಹೇಳುತ್ತಾರೆ.

ಏರ್ ರೈಫಲ್‌ಗೆ ಇದ್ಯಾವುದೂ ಇಲ್ಲ. ಬೋರ್, ಅಂದರೆ ನಳಿಗೆಯ ಒಳಗಿನ ಅಗಲ, .177 ಇಂಚು, ಅಂದರೆ 4.5 ಮಿ.ಮೀ. ಮೀರಬಾರದು. ಗುಂಡಿನ ಶಕ್ತಿ 20 ಜೌಲ್ ಮೀರಬಾರದು. ಎರಡೂ ಒಳಗಿದ್ದರೆ ಲೈಸೆನ್ಸ್ ಬೇಡ. ಗುರುತಿನ ದಾಖಲೆ ಕೊಟ್ಟು ಕೊಳ್ಳಿ, ಬಿಲ್ ಜೋಪಾನವಾಗಿಡಿ. .22 ಬೋರ್‌ನ ಏರ್ ರೈಫಲ್ ಯಾರಾದರೂ ಲೈಸೆನ್ಸ್ ಬೇಡ ಅಂತ ಮಾರಲು ಬಂದರೆ ನಂಬಬೇಡಿ.

ಮಂಗನ ವಿಷಯ ಆಮೇಲೆ ಬರೆಯುತ್ತೇನೆ, ಅದು ಬೇರೆಯೇ ಕಥೆ.

ಹತ್ತು ಮೀಟರ್:

ಸಿದ್ದಾಪುರದ ಅಣ್ಣ ಹೇಳಿದ್ದು ಸರಿ. ನಾನು ಏರ್ ರೈಫಲ್‌ನಲ್ಲಿ ಸ್ಪರ್ಧೆಗೆ ಹೋಗುವವಳು, ಹಾಗಾಗಿ ಉಳಿದ ಪ್ರಶ್ನೆಗಳಿಗೆ ನಾನು ಉತ್ತರಿಸುತ್ತೇನೆ.

ಏರ್ ರೈಫಲ್ ಅಂದರೆ ಮಕ್ಕಳಾಟಿಕೆ ಅಂತ ಮನಸ್ಸು ಸಣ್ಣ ಮಾಡಿಕೊಳ್ಳಬೇಡಿ. 2008ರಲ್ಲಿ ಬೀಜಿಂಗ್‌ನಲ್ಲಿ ಅಭಿನವ್ ಬಿಂದ್ರಾ ಚಿನ್ನ ಗೆದ್ದದ್ದು ಇದರಲ್ಲೇ, 2012ರಲ್ಲಿ ಗಗನ್ ನಾರಂಗ್ ಕಂಚು ಗೆದ್ದದ್ದೂ ಇದರಲ್ಲೇ. ಹತ್ತು ಮೀಟರ್ ದೂರದ ಗುರಿಪಟ್ಟಿಯಲ್ಲಿ ಹತ್ತು ಅಂಕದ ಚುಕ್ಕಿ ಅರ್ಧ ಮಿಲಿಮೀಟರ್ ಮಾತ್ರ. ಅದಕ್ಕೆ ಅರವತ್ತು ಸಲ ಹೊಡೆಯಬೇಕು. ಒಂದೊಂದು ಸಲವೂ ಕೈಯಲ್ಲೇ ಪೆಲೆಟ್ (ಏರ್ ರೈಫಲ್‌ನ ಸಣ್ಣ ಸೀಸದ ಗುಂಡು) ಹಾಕಬೇಕು, ಉಸಿರು ಹಿಡಿಯಬೇಕು, ಮತ್ತೆ ಮೊದಲಿನಿಂದ ನಿಲ್ಲಬೇಕು. ಕಲಿಯುವವರಿಗೆ ಇದಕ್ಕಿಂತ ಒಳ್ಳೆಯ ದಾರಿ ಇಲ್ಲ. ಸೆಮಿ ಆಟೊಮ್ಯಾಟಿಕ್‌ನಲ್ಲಿ ಗುಂಡು ಸಿಡಿದ ಬಲಕ್ಕೇ ಬೋಲ್ಟ್ ಹಿಂದೆ ಸರಿದು ಮುಂದಿನ ತೋಟಾ ತಾನಾಗಿ ಒಳಗೆ ಕೂರುತ್ತದೆ, ಟ್ರಿಗರ್ ಒತ್ತುತ್ತಾ ಹೋದರೆ ಆಯಿತು. ಹೊಸಬರ ಕೈ ಅಲ್ಲಿ ಬೇಗ ಕೆಡುತ್ತದೆ. ಮೊದಲ ಗುಂಡು ಯಾಕೆ ತಪ್ಪಿತು ಅಂತ ಯೋಚಿಸುವ ಮೊದಲೇ ಐದನೆಯದು ಹೋಗಿರುತ್ತದೆ.

ನೀವು ನೋಡಿದ ವಿಡಿಯೋ ಬಹುಶಃ ರೂಗರ್ 10/22ರದ್ದು ಇರಬೇಕು. 1964ರಿಂದ ಬರುತ್ತಿರುವ ರೈಫಲ್, ಹತ್ತು ಗುಂಡಿನ ಮ್ಯಾಗಜೀನ್. ಅದನ್ನು ಬಿಡಿಭಾಗ ಹಾಕಿ ತಿದ್ದಿಕೊಳ್ಳುವವರು ತುಂಬಾ ಜನ. ಅವರ ಲೆಕ್ಕಾಚಾರ ಮಾತ್ರ ನಮಗೂ ಬರುತ್ತದೆ: ರೈಫಲ್‌ಗೆ ಎಲ್ಲ ದುಡ್ಡು ಸುರಿಯಬೇಡಿ. ಅರ್ಧ ರೈಫಲ್‌ಗೆ ಇರಲಿ, ಉಳಿದರ್ಧ ಸೈಟ್ (ಗುರಿ ನೋಡುವ ಸಾಧನ), ಪೆಲೆಟ್, ಗುರಿ ಇಡುವ ಪೆಟ್ಟಿಗೆ, ಕಣ್ಣಿಗೆ ಕನ್ನಡಕ, ಇವಕ್ಕೆ ಬೇಕಾಗುತ್ತದೆ.

ಏರ್ ರೈಫಲ್‌ನಲ್ಲಿ ಮೂರು ಬಗೆ. ಸ್ಪ್ರಿಂಗ್‌ದು: ನಳಿಗೆ ಬಗ್ಗಿಸಿದರೆ ಒಳಗಿನ ಸ್ಪ್ರಿಂಗ್ ಬಿಗಿಯಾಗುತ್ತದೆ. ಗ್ಯಾಸ್ ರ‍್ಯಾಮ್: ಸ್ಪ್ರಿಂಗ್ ಬದಲು ಒತ್ತಿಟ್ಟ ಗ್ಯಾಸ್, ಒದೆತ ಸ್ವಲ್ಪ ಚುರುಕು. ಮೂರನೆಯದು ಪಿಸಿಪಿ, ಮೊದಲೇ ಗಾಳಿ ತುಂಬಿಟ್ಟ ಸಿಲಿಂಡರ್. ಪಿಸಿಪಿಯಲ್ಲಿ ಒದೆತವೇ ಇಲ್ಲ ಅನ್ನಬಹುದು, ಸ್ಪರ್ಧೆಯವರೆಲ್ಲ ಅದನ್ನೇ ಬಳಸುವುದು. ಆದರೆ ಪಂಪ್ ಬೇರೆ ಕೊಳ್ಳಬೇಕು, ಇನ್ನೂರು ಬಾರ್‌ವರೆಗೆ ಕೈಯಲ್ಲಿ ಒತ್ತುವುದು ಬೆವರಿಳಿಸುವ ಕೆಲಸ, ಮೇಲಿಂದ ಕರಾವಳಿಯ ತೇವದ ಗಾಳಿ ಪಂಪ್ ಮೂಲಕ ಸಿಲಿಂಡರ್ ಒಳಗೂ ಹೋಗುತ್ತದೆ. ನಿಮ್ಮ ಬಜೆಟ್‌ಗೆ ಈಗಲೇ ಬೇಡ. ವಾಲ್ತರ್, ಫೈನ್‌ವೆರ್ಕ್‌ಬೌ ತರಹದ ಸ್ಪರ್ಧೆಯ ರೈಫಲ್‌ಗಳಿಗೆ ಲಕ್ಷಗಳು ಬೇಕು, ಅದರ ಮಾತೇ ಬೇಡ.

ನನ್ನ ಸಲಹೆ ಒಂದು ಸಾದಾ ಸ್ಪ್ರಿಂಗ್ ರೈಫಲ್. ನಮ್ಮ ದೇಶದ್ದೇ ಪ್ರೆಸಿಹೋಲ್‌ನ ಎಸ್‌ಎಕ್ಸ್ 100 ಇಂಥದ್ದಕ್ಕೆ ಸರಿಹೊಂದುತ್ತದೆ. ಬಿಡಿಭಾಗ ಇಲ್ಲೇ ಸಿಗುತ್ತದೆ ಅನ್ನುವುದು ದೊಡ್ಡ ಅನುಕೂಲ.

ವೇಗದ ಜಾಹೀರಾತಿಗೆ ಮರುಳಾಗಬೇಡಿ. ಸಾಮಾನ್ಯ ಪೆಲೆಟ್ ತೂಕ 0.53 ಗ್ರಾಂ. ಸೆಕೆಂಡಿಗೆ 175 ಮೀಟರ್ ಹೋದರೆ ಅದರ ಶಕ್ತಿ ಸುಮಾರು 8 ಜೌಲ್, ಸ್ಪರ್ಧೆಯ ರೈಫಲ್‌ಗಳೂ ಹೆಚ್ಚುಕಮ್ಮಿ ಇಷ್ಟೇ. 270 ಮೀಟರ್ ಹೋದರೆ 19 ದಾಟುತ್ತದೆ, ಕಾನೂನಿನ ಗೆರೆಯ ಅಂಚು. ಸೆಕೆಂಡಿಗೆ ಸಾವಿರ ಅಡಿ ಅಂತ ಬರೆದಿರುತ್ತಾರಲ್ಲ, ಅದು 305 ಮೀಟರ್. ಇದೇ ಪೆಲೆಟ್ ಅಷ್ಟು ವೇಗದಲ್ಲಿ ಹೋದರೆ 24 ಜೌಲ್ ಮೇಲಾಯಿತು. ಸಾಮಾನ್ಯವಾಗಿ ತೀರಾ ಹಗುರ ಪೆಲೆಟ್ ಹಾಕಿ ಆ ಸಂಖ್ಯೆ ತೋರಿಸುತ್ತಾರೆ. ಶಕ್ತಿ ಜಾಸ್ತಿ ಆದಷ್ಟೂ ನಳಿಗೆ ಬಗ್ಗಿಸುವುದು ಕಷ್ಟ, ಒದೆತ ಜಾಸ್ತಿ, ಗುರಿ ಅಲುಗುವುದೂ ಜಾಸ್ತಿ. ಹತ್ತು ಮೀಟರ್ ದೂರದ ಕಾಗದ ತೂತು ಮಾಡಲು ಅದೆಲ್ಲ ಯಾಕೆ?

ಕಾರವಾರದ ಹೊಸಬ:

ಅಕ್ಕಾ, ಅಣ್ಣಾ, ತುಂಬಾ ಧನ್ಯವಾದ. ಸೆಮಿ ಆಟೊಮ್ಯಾಟಿಕ್ ಆಸೆ ಬಿಟ್ಟೆ. ಆನ್‌ಲೈನ್‌ನಲ್ಲಿ 4x32 (ನಾಲ್ಕು ಪಟ್ಟು ದೊಡ್ಡದಾಗಿ ತೋರಿಸುವ, ಮುಂದಿನ ಗಾಜು 32 ಮಿ.ಮೀ.) ಸ್ಕೋಪ್ ಅಗ್ಗಕ್ಕೆ ಸಿಗುತ್ತಿದೆ, ಅದನ್ನು ಹಾಕಬಹುದಾ? ಊರಿನ ಮನೆ ಅಂಗಳ ಉದ್ದ ಇದೆ, ಆಚೆ ಚಿರೇಕಲ್ಲಿನ ಪಾಗಾರ. ಅದಕ್ಕೆ ಗುರಿ ಅಂಟಿಸಿ ಹೊಡೆದರೆ ಸಾಕಲ್ವಾ?

ಹತ್ತು ಮೀಟರ್:

ಪಾಗಾರಕ್ಕೆ ನೇರವಾಗಿ ಹೊಡೆಯಲೇಬೇಡಿ. ಸೀಸದ ಪೆಲೆಟ್ ಗಟ್ಟಿ ಕಲ್ಲಿಗೆ ಬಡಿದು ವಾಪಸ್ ಬರುತ್ತದೆ, ಹತ್ತು ಮೀಟರ್‌ನಲ್ಲಿ ಕಣ್ಣಿಗೆ ಬಿದ್ದರೆ ಕಣ್ಣು ಹೋಯಿತು. ಮರದ ಹಲಗೆಯ ಆಳವಾದ ಪೆಟ್ಟಿಗೆ ಮಾಡಿಸಿ, ಹಿಂಭಾಗಕ್ಕೆ ದಪ್ಪ ಕಬ್ಬಿಣದ ತಗಡನ್ನು ಕೆಳಕ್ಕೆ ವಾಲಿಸಿ ಕೂರಿಸಿ, ಒಳಗೆ ಹಳೇ ಬಟ್ಟೆ, ಗೋಣಿತಾಟು ಬಿಗಿಯಾಗಿ ತುಂಬಿ. ಎದುರಿಗೆ ಗುರಿಪಟ್ಟಿ. ಆ ಪೆಟ್ಟಿಗೆಯ ಹಿಂದೆ ಪಾಗಾರ ಇದ್ದರೆ ಒಳ್ಳೆಯದೇ, ಪೆಟ್ಟಿಗೆ ತಪ್ಪಿದ್ದು ಅಲ್ಲಿ ನಿಲ್ಲುತ್ತದೆ. ಪಾಗಾರದ ಆಚೆ ದಾರಿ ಇದ್ದರೆ ಜಾಗ ಬದಲಿಸಿ, ಯಾಕೆಂದರೆ ತಪ್ಪಿದ ಪೆಲೆಟ್ ನೂರಾರು ಮೀಟರ್ ಹಾರುತ್ತದೆ. ಕನ್ನಡಕ ಹಾಕಿಕೊಳ್ಳಿ, ನೋಡಲು ನಿಂತ ಮಕ್ಕಳಿಗೂ ಹಾಕಿಸಿ. ಉಕ್ಕಿನ ಗೋಲಿ ಬಳಸಲೇಬೇಡಿ, ಅವು ಇನ್ನೂ ಜೋರಾಗಿ ಪುಟಿಯುತ್ತವೆ, ನಳಿಗೆಯ ಒಳಗಿನ ಗೆರೆಗಳನ್ನೂ ಕೆಡಿಸುತ್ತವೆ.

ಸ್ಕೋಪ್ ವಿಷಯ. ಸ್ಪ್ರಿಂಗ್ ರೈಫಲ್‌ನ ಒದೆತ ವಿಚಿತ್ರ. ಪಿಸ್ಟನ್ ಮುಂದೆ ಓಡುವಾಗ ರೈಫಲ್ ಹಿಂದಕ್ಕೆ, ಪಿಸ್ಟನ್ ಕೊನೆಗೆ ಬಡಿದಾಗ ಮುಂದಕ್ಕೆ. ಎರಡೂ ಕಡೆ ಏಟು ತಿನ್ನುವ ಕಾರಣಕ್ಕೆ ಅಗ್ಗದ ಸ್ಕೋಪ್‌ಗಳ ಒಳಗಿನ ಗಾಜು ಸಡಿಲವಾಗುತ್ತದೆ. ಏರ್ ಗನ್‌ಗೆ ಅಂತಲೇ ಮಾಡಿದ ಸ್ಕೋಪ್ ಬೇಕು. ಇನ್ನೊಂದು, ಸಾದಾ ಸ್ಕೋಪ್‌ಗಳನ್ನು ದೂರದ ಗುರಿಗೆ ಹೊಂದಿಸಿರುತ್ತಾರೆ, ಹತ್ತು ಮೀಟರ್‌ನಲ್ಲಿ ಮಸುಕು ಕಾಣುತ್ತದೆ. ಕಣ್ಣು ಸ್ವಲ್ಪ ಆಚೀಚೆ ಆದರೂ ಗೆರೆ ಗುರಿಯ ಮೇಲೆ ಜಾರುತ್ತದೆ. ಮುಂದಿನ ಗಾಜನ್ನು ತಿರುಗಿಸಿ ಹತ್ತು ಮೀಟರ್‌ಗೆ ಹೊಂದಿಸಬಹುದಾದದ್ದನ್ನೇ ಕೇಳಿ. ಮೌಂಟ್ (ಸ್ಕೋಪ್ ಹಿಡಿದಿಡುವ ಭಾಗ) 11 ಮಿ.ಮೀ. ಡವ್‌ಟೇಲ್‌ಗೆ, ಅಂದರೆ ರೈಫಲ್ ಮೇಲಿನ ಕಚ್ಚಿಗೆ, ಕೂರುವಂಥದ್ದು, ಒಂದೇ ತುಂಡಿನದು, ಹಿಂದಕ್ಕೆ ಜಾರದ ಹಾಗೆ ತಡೆ ಪಿನ್ ಇರುವುದು.

ಗುರಿ ಹೊಂದಿಸುವಾಗ ಒಂದು ಲೆಕ್ಕ ನೆನಪಿಡಿ. ಬಹುಪಾಲು ಸ್ಕೋಪ್‌ಗಳಲ್ಲಿ ಒಂದು ಕ್ಲಿಕ್ (ಗುರಿ ಹೊಂದಿಸುವ ತಿರುಪಿನ ಒಂದು ಹೆಜ್ಜೆ) ಅಂದರೆ ನೂರು ಗಜಕ್ಕೆ ಕಾಲು ಇಂಚು. ಹತ್ತು ಮೀಟರ್‌ಗೆ ಅದು 0.7 ಮಿ.ಮೀ. ಅಷ್ಟೇ. ಎರಡು ಸೆಂಟಿಮೀಟರ್ ಪಕ್ಕಕ್ಕೆ ಬೀಳುತ್ತಿದ್ದರೆ ಇಪ್ಪತ್ತೆಂಟು, ಇಪ್ಪತ್ತೊಂಬತ್ತು ಕ್ಲಿಕ್ ಬೇಕು. ಎರಡು ಮೂರು ಕ್ಲಿಕ್ ತಿರುಗಿಸಿ ಏನೂ ಆಗಲಿಲ್ಲ, ಸ್ಕೋಪ್ ಹಾಳು ಅನ್ನುವವರು ಬಹಳ.

ನನ್ನನ್ನು ಕೇಳಿದರೆ ಮೊದಲು ಸ್ಕೋಪ್ ಬೇಡವೇ ಬೇಡ. ಹಿಂದೆ ಸಣ್ಣ ತೂತಿನ ಪೀಪ್ ಸೈಟ್, ಮುಂದೆ ಉಂಗುರ. ಕಣ್ಣು ತಾನಾಗಿ ನಡುವನ್ನು ಹುಡುಕಿಕೊಳ್ಳುತ್ತದೆ, ಸ್ಪರ್ಧೆಯಲ್ಲೂ ಇದೇ ಇರುವುದು, ಸ್ಕೋಪ್‌ಗೆ ಅಲ್ಲಿ ಅವಕಾಶವೇ ಇಲ್ಲ. ನಿಮ್ಮ ರೈಫಲ್‌ಗೆ ಅದು ಕೂರುತ್ತದಾ, ಮುಂದಿನ ಸೈಟ್ ಅದರ ಎತ್ತರಕ್ಕೆ ಹೊಂದುತ್ತದಾ ಅಂತ ಮಾರುವವರನ್ನು ಮೊದಲೇ ಕೇಳಿ. ಹೊಂದುವುದಿಲ್ಲ ಅಂದರೆ ರೈಫಲ್ ಜೊತೆ ಬಂದ ಸೈಟಿನಲ್ಲೇ ಕೆಲವು ತಿಂಗಳು ಕಲಿಯಿರಿ. ಶಿರಸಿ ಜಾತ್ರೆಯಲ್ಲಿ ಬಲೂನಿಗೆ ಹೊಡೆಯುವ ಏರ್ ಗನ್ ಹಿಡಿದಿದ್ದೀರಲ್ವಾ, ಅದರ ಸೈಟ್ ಸೊಟ್ಟಗಿದ್ದರೂ ಎರಡು ಮೂರು ಏಟಿನಲ್ಲಿ ಕೆಲವರು ಅಂದಾಜು ಹಿಡಿದುಬಿಡುತ್ತಾರೆ. ಒಂದೇ ತರಹ ಹಿಡಿದು, ಒಂದೇ ತರಹ ಒತ್ತಿದರೆ ಆಗುವುದು ಅದು.

ಹಿಡಿಯುವುದು ಹೇಗೆ ಅಂದರೆ, ಸ್ಪ್ರಿಂಗ್ ರೈಫಲ್ ಬಿಗಿ ಮುಷ್ಟಿಗೆ ಒಗ್ಗುವುದಿಲ್ಲ. ಎಡಗೈ ಅಂಗೈ ಬಿಚ್ಚಿ ಅದರ ಮೇಲೆ ಸುಮ್ನೆ ಇಟ್ಟುಕೊಳ್ಳಿ, ಅದು ತನ್ನಷ್ಟಕ್ಕೆ ಒದೆಯಲಿ. ಕಲ್ಲಿನ ಮೇಲೋ ಕಟ್ಟೆಯ ಮೇಲೋ ನೇರ ಇಟ್ಟು ಹೊಡೆದರೆ ಗುಂಡು ಬೇರೆಯೇ ಕಡೆ ಹೋಗುತ್ತದೆ. ಹಿಡಿಕಟ್ಟಿನ ಉದ್ದವನ್ನೂ ನೋಡಿ: ಮೊಣಕೈ ಮಡಚಿ ಹಿಡಿಕಟ್ಟಿನ ಹಿಂದಿನ ತುದಿಯನ್ನು ಆ ಮಡಿಕೆಗೆ ಒತ್ತಿ ಹಿಡಿದರೆ ಬೆರಳಿನ ಮೊದಲ ಗೆಣ್ಣು ಟ್ರಿಗರ್‌ಗೆ ತಲುಪಬೇಕು. ಕೆನ್ನೆ ಒರಗಿಸಿದಾಗ ಕಣ್ಣು ಸೈಟ್‌ಗಿಂತ ಕೆಳಗೆ ಉಳಿದರೆ ಹಿಡಿಕಟ್ಟಿಗೆ ದಪ್ಪ ಬಟ್ಟೆ ಸುತ್ತಿ ಎತ್ತರಿಸಿ. ದುಡ್ಡಿಲ್ಲದೆ ಆಗುವ ಈ ತಿದ್ದುಪಡಿಯ ಲಾಭ ಎಷ್ಟೋ ಬಿಡಿಭಾಗ ಕೊಂಡರೂ ಸಿಗುವುದಿಲ್ಲ. ಟ್ರಿಗರ್ ತಿರುಪು ತಿರುಗಿಸಿ ತೀರಾ ಹಗುರ ಮಾಡಬೇಡಿ, ಮುಟ್ಟಿದರೆ ಸಿಡಿಯುವ ಹಾಗೆ ಆದರೆ ಅಪಾಯ.

ಒಂದು ಮಾತು ಮರೆಯಬೇಡಿ. ನಳಿಗೆ ಬಗ್ಗಿಸಿ ಪೆಲೆಟ್ ಹಾಕುವಾಗ ಇನ್ನೊಂದು ಕೈಯಲ್ಲಿ ನಳಿಗೆಯನ್ನು ಗಟ್ಟಿ ಹಿಡಿದೇ ಇರಿ. ಟ್ರಿಗರ್ ಜಾರಿದರೆ ನಳಿಗೆ ಫಟ್ ಅಂತ ಮುಚ್ಚಿಕೊಳ್ಳುತ್ತದೆ, ಬೆರಳು ತುಂಡಾಗುತ್ತದೆ. ಪೆಲೆಟ್ ಇಲ್ಲದೆ ಖಾಲಿ ಹೊಡೆಯಲೂ ಬೇಡಿ, ಪಿಸ್ಟನ್‌ಗೆ ಗಾಳಿಯ ಮೆತ್ತೆ ಸಿಗದೆ ಬಡಿದು ಸೀಲ್ ಹಾಳಾಗುತ್ತದೆ.

ಅಂಕೋಲೆಯ ರಿಪೇರಿಯವ:

ತುಕ್ಕಿನ ಬಗ್ಗೆ ನಾನು ಹೇಳುತ್ತೇನೆ. ಹೊಲಿಗೆ ಮಶೀನು, ಫ್ಯಾನು, ಏರ್ ಗನ್ನು, ಈ ಕರಾವಳಿಯಲ್ಲಿ ಎಲ್ಲದರ ಶತ್ರು ಒಂದೇ, ಉಪ್ಪಿನ ತೇವ.

ರೆಕ್ಸಿನ್ ಚೀಲದಲ್ಲಿ, ಸ್ಪಂಜಿನ ಪೆಟ್ಟಿಗೆಯಲ್ಲಿ ತಿಂಗಳುಗಟ್ಟಲೆ ಇಡಬೇಡಿ. ಹೊರಗಿಂದ ಭದ್ರ ಕಂಡರೂ ಒಳಗೆ ನೀರು ಹಿಡಿದಿಟ್ಟುಕೊಳ್ಳುತ್ತದೆ. ಚೀಲ ಬರೀ ಸಾಗಿಸಲು. ಬೀಗ ಇರುವ ಮರದ ಕಪಾಟಿನಲ್ಲಿ ನಿಲ್ಲಿಸಿಡಿ, ಕೆಳಗೆ ಸಣ್ಣ ಬಲ್ಬ್ ಉರಿಯಲಿ, ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಅದು ಆರದಿರಲಿ. ಬಟ್ಟೆ, ಕಾಗದ ಏನೂ ಬಲ್ಬಿಗೆ ತಾಗದ ಹಾಗೆ ನೋಡಿಕೊಳ್ಳಿ. ಸಿಲಿಕಾ ಜೆಲ್ ಹಾಕಿದರೂ ಮಳೆಗಾಲದಲ್ಲಿ ಬೇಗ ನೆನೆದು ಹೋಗುತ್ತದೆ. ಹಳೇ ಬಾಣಲೆಯಲ್ಲಿ ಬಿಸಿ ಮಾಡಿ ಮತ್ತೆ ಬಳಸಬಹುದು, ಆದರೆ ಆ ಬಾಣಲೆ ಅಡುಗೆಗೆ ಮರಳಬಾರದು.

ಹೊಡೆದಾದ ಮೇಲೆ ಕೈಬೆವರು ತಾಗಿದ ಕಡೆಯೆಲ್ಲ ಒಣ ಬಟ್ಟೆಯಲ್ಲಿ ಒರೆಸಿ, ಆಮೇಲೆ ಮಶೀನ್ ಎಣ್ಣೆಯ ತೆಳು ಪದರ. ಎಣ್ಣೆ ಹೊರಗೆ ಮಾತ್ರ! ನಳಿಗೆ ಒಳಗೆ, ಗಾಳಿ ಬರುವ ತೂತಿನೊಳಗೆ ಬಿಡಬೇಡಿ. ಪಿಸ್ಟನ್ ಗಾಳಿಯನ್ನು ಒತ್ತಿದಾಗ ಆ ಎಣ್ಣೆ ಡೀಸೆಲ್ ಇಂಜಿನ್‌ನಲ್ಲಿ ಆಗುವ ಹಾಗೆ ಹೊತ್ತಿ ಉರಿಯುತ್ತದೆ, ಢಮ್ ಅಂತ ಶಬ್ದ, ಹೊಗೆ, ಸೀಲ್ ಸುಟ್ಟು ಹೋಗುತ್ತದೆ. ರಿಪೇರಿಗೆ ಬರುವ ಗನ್‌ಗಳಲ್ಲಿ ಈ ತೊಂದರೆ ಸಾಮಾನ್ಯ. ಹೊಸ ಗನ್‌ನಲ್ಲಿ ಮೊದಮೊದಲು ಸ್ವಲ್ಪ ಹೊಗೆ ಬಂದರೆ ಗಾಬರಿ ಬೇಡ, ಕಾರ್ಖಾನೆಯ ಎಣ್ಣೆ ಅದು, ನಿಲ್ಲುತ್ತದೆ. ಹಿಡಿಕಟ್ಟಿನ ತಿರುಪುಗಳನ್ನು ಆಗಾಗ ನೋಡಿ. ನಿನ್ನೆವರೆಗೆ ಸರಿ ಹೊಡೆಯುತ್ತಿದ್ದದ್ದು ಇವತ್ತು ಎಲ್ಲೆಲ್ಲೋ ಹೋದರೆ ಮೊದಲು ಅವನ್ನೇ ಬಿಗಿ ಮಾಡಿ, ಸೈಟ್ ಮುಟ್ಟಬೇಡಿ.

ಪೆಲೆಟ್ ಸೀಸದ್ದು, ತೇವಕ್ಕೆ ಬಿಳಿ ಪುಡಿ ಕಟ್ಟುತ್ತದೆ. ಅಂಥದ್ದನ್ನು ಬಳಸಬೇಡಿ. ಬಾಯಲ್ಲಿ ಇಟ್ಟುಕೊಳ್ಳುವ ಅಭ್ಯಾಸ ಕೆಲವರಿಗಿದೆ, ಅದಂತೂ ಖಂಡಿತ ಬೇಡ. ಕೈ ಸೋಪು ಹಾಕಿ ತೊಳೆದೇ ಊಟಕ್ಕೆ ಕೂರಿ.

ಸಿದ್ದಾಪುರದ ತೋಟಿಗ:

ಈಗ ಮಂಗ. ಅಪ್ಪನಿಗೆ ಇದನ್ನು ಓದಿ ಹೇಳಿ. ಮಂಗ, ನವಿಲು, ಕೆಂಚಳಿಲು ಯಾವುದಕ್ಕೂ ಏರ್ ರೈಫಲ್ ತೋರಿಸುವ ಹಾಗಿಲ್ಲ, 1972ರ ವನ್ಯಜೀವಿ ಕಾಯ್ದೆಯಲ್ಲಿ ಕೇಸ್ ಆಗುತ್ತದೆ. ಗನ್‌ಗೆ ಲೈಸೆನ್ಸ್ ಬೇಡ ಅಂದ ಮಾತ್ರಕ್ಕೆ ಪ್ರಾಣಿಗೆ ಹೊಡೆಯಲು ಪರವಾನಗಿ ಸಿಕ್ಕಿತು ಅಂತ ಅಲ್ಲ.

ಕಾನೂನು ಬದಿಗಿಟ್ಟರೂ, ಅಷ್ಟು ಸಣ್ಣ ಪೆಲೆಟ್ ಮಂಗನನ್ನು ಗಾಯ ಮಾಡುತ್ತದೆ ಅಷ್ಟೇ. ಅದು ಕೀವಾಗಿ, ನರಳಿ, ಎಲ್ಲೋ ಹಳುವಿನಲ್ಲಿ ಸಾಯುತ್ತದೆ. ನಮ್ಮ ಸಿದ್ದಾಪುರ ಕಡೆ ಮಂಗನ ಕಾಯಿಲೆ ಇದೆ. 1957ರಲ್ಲಿ ಶಿವಮೊಗ್ಗದ ಕ್ಯಾಸನೂರು ಕಾಡಿನಲ್ಲಿ ಮೊದಲು ಗುರುತಿಸಿದ ಕಾಯಿಲೆ, ಉಣ್ಣೆಯಿಂದ ಹರಡುತ್ತದೆ. ಮಂಗ ಸತ್ತರೆ ಅದರ ಮೈಮೇಲಿನ ಉಣ್ಣೆಗಳು ಇಳಿದು ಸುತ್ತಲಿನ ದರಲೆಗೆ ಸೇರುತ್ತವೆ. ಅಲ್ಲಿಗೆ ಸೊಪ್ಪಿಗೋ ಸೌದೆಗೋ ಹೋಗುವವರು ಯಾರು? ನಮ್ಮ ಮನೆಯವರೇ, ತೋಟದ ಕೆಲಸದವರೇ. ಅಡಿಕೆ ನಷ್ಟದ ನೋವು ನನಗೂ ಇದೆ, ಆದರೂ ಈ ದಾರಿ ಬೇಡ. ಸತ್ತ ಮಂಗ ಕಂಡರೆ ಮುಟ್ಟದೆ ಆರೋಗ್ಯ ಕೇಂದ್ರಕ್ಕೆ, ಅರಣ್ಯದವರಿಗೆ ತಿಳಿಸಿ.

ಕಾರವಾರದ ಹೊಸಬ:

ಮಂಗನ ಕಾಯಿಲೆಯ ಸಂಗತಿ ಓದಿ ಅಪ್ಪ ಮರುಮಾತಾಡಲಿಲ್ಲ. ಏರ್ ರೈಫಲ್ ಗುರಿಪಟ್ಟಿಗೆ ಮಾತ್ರ ಅಂತ ಮನೆಯಲ್ಲಿ ತೀರ್ಮಾನ ಆಯಿತು. ಸ್ಪ್ರಿಂಗ್ ರೈಫಲ್, ಸಾಧ್ಯವಾದರೆ ಪೀಪ್ ಸೈಟ್, ಪೆಟ್ಟಿಗೆಯನ್ನು ಊರಿನ ಬಡಗಿಯ ಹತ್ತಿರ ಮಾಡಿಸುತ್ತೇನೆ. ಎರಡು ಪ್ರಶ್ನೆ ಉಳಿದಿವೆ. ಪೆಲೆಟ್ ಯಾವುದು? ಕಾರವಾರದಿಂದ ಊರಿಗೆ ಬಸ್ಸಿನಲ್ಲಿ ಒಯ್ಯಬಹುದಾ?

ಹತ್ತು ಮೀಟರ್:

ಕಾಗದದ ಗುರಿಗೆ ಚಪ್ಪಟೆ ತಲೆಯ ಪೆಲೆಟ್. ಅದು ದುಂಡಗೆ, ಅಂಚು ಸ್ವಚ್ಛವಾಗಿ ಕತ್ತರಿಸುತ್ತದೆ, ಅಂಕ ಲೆಕ್ಕ ಹಾಕಲು ಸುಲಭ. ಯಾವ ಕಂಪನಿ ಅಂತ ಹೇಳಲು ಬರುವುದಿಲ್ಲ, ಯಾಕೆಂದರೆ ಒಂದೊಂದು ನಳಿಗೆ ಒಂದೊಂದನ್ನು ಇಷ್ಟಪಡುತ್ತದೆ. ಪೆಲೆಟ್ ತಲೆಯ ಅಳತೆ 4.49, 4.50, 4.51 ಹೀಗೆ ಬರುತ್ತವೆ, ಆ ಕೂದಲೆಳೆಯ ವ್ಯತ್ಯಾಸಕ್ಕೂ ಕಾಗದದ ಮೇಲೆ ಬಿದ್ದ ತೂತುಗಳ ಗುಂಪು ಹರಡುತ್ತದೆ. ಮೂರು ನಾಲ್ಕು ಬಗೆ ಸಣ್ಣ ಡಬ್ಬಿ ತಂದು, ಒಂದೊಂದರಲ್ಲೂ ಐದೈದು ಗುಂಡಿನ ಕೆಲವು ಗುಂಪು ಹೊಡೆದು, ಕಾಗದದ ಮೇಲೆ ಹೆಸರು ಬರೆದಿಟ್ಟು ಹೋಲಿಸಿ. ಆದರೆ ಹೊಸ ರೈಫಲ್ ಮೊದಲ ಕೆಲವು ನೂರು ಗುಂಡಿನವರೆಗೆ ಹದಕ್ಕೆ ಬಂದಿರುವುದಿಲ್ಲ, ಈ ಪರೀಕ್ಷೆ ಅದಾದ ಮೇಲೆ ಮಾಡಿ.

ಮುಂದೆ ಸ್ಪರ್ಧೆಯ ಮನಸ್ಸು ಬಂದರೆ ಬೆಂಗಳೂರಿನಲ್ಲಿ ರಾಜ್ಯ ರೈಫಲ್ ಅಸೋಸಿಯೇಷನ್ ಇದೆ, ಅಲ್ಲಿ ವಿಚಾರಿಸಿ. ಆಗ ಬೇಕಾಗುವ ರೈಫಲ್ ಬೇರೆ, ಜಾಕೆಟ್ ಬೇರೆ. ಈಗಲೇ ಅದಕ್ಕೆ ದುಡ್ಡು ಹಾಕಬೇಡಿ.

ಅಂಕೋಲೆಯ ರಿಪೇರಿಯವ:

ಬಸ್ಸಿನಲ್ಲಿ ಹತ್ತುವ ಮೊದಲು ಕಂಡಕ್ಟರ್‌ಗೆ ಹೇಳಿ, ಅವರು ಬೇಡ ಅಂದರೆ ವಾದ ಮಾಡಬೇಡಿ. ಪರಿಚಯದವರ ಕಾರು ಸಿಕ್ಕರೆ ಅದೇ ಮೇಲು. ದಾರಿಯಲ್ಲಿ ಚೆಕ್‌ಪೋಸ್ಟ್‌ನಲ್ಲಿ ನಿಲ್ಲಿಸಿ ಕೇಳಿದರೆ ಬಿಲ್, ಗುರುತಿನ ಚೀಟಿ ಕೈಗೆ ಸಿಗುವ ಹಾಗಿರಲಿ. ನಳಿಗೆ ಖಾಲಿ, ಸ್ಪ್ರಿಂಗ್ ಬಿಗಿ ಮಾಡಿರಬಾರದು, ರೈಫಲ್ ಚೀಲದಲ್ಲಿ, ಪೆಲೆಟ್ ಬೇರೆ ಬ್ಯಾಗಿನಲ್ಲಿ. ಕಾಡಿನ ದಾರಿಯಲ್ಲಿ ಚಹಾಕ್ಕೆ ಇಳಿದಾಗ ಚೀಲ ಬಿಚ್ಚಿ ಯಾರಿಗೂ ತೋರಿಸಲು ಹೋಗಬೇಡಿ, ಅರಣ್ಯದವರು ಕಂಡರೆ ಉತ್ತರ ಕೊಡುವುದು ಕಷ್ಟ.

ರೈಫಲ್ ಬಂದ ಮೇಲೆ ಅಂಕೋಲೆಯಲ್ಲಿ ಇಳಿಯುವುದಾದರೆ ತಿಳಿಸಿ. ನನ್ನ ಹತ್ತಿರ ಮೂರು ಬಗೆಯ ಪೆಲೆಟ್ ಇವೆ, ಹಿತ್ತಲಲ್ಲಿ ಪೆಟ್ಟಿಗೆಯೂ ಇದೆ. ಹೊಡೆದು ನೋಡಿ, ಆಮೇಲೆ ಡಬ್ಬಿ ಕೊಳ್ಳಿ.